ದೇಶಕ್ಕೆ ದಾರಿ ತೋರಿದ ಬಳ್ಳಾರಿಯಲ್ಲಿ ಮಂಗಳವಾರದ ಸೂಜಿಗೆ ಬರ!

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆ. ಬಳ್ಳಾರಿ ಸೀಮೆಯ ಒಂದು ತಾಲೂಕು ಆಸ್ಪತ್ರೆ. ಚೀಟಿ ಮಾಡಿಸುವ ಕಿಟಕಿಯ ಮುಂದೆ ಜಾತ್ರೆ. ಕೆಮ್ಮು, ಜ್ವರ, ಮಂಡಿನೋವು, ಬಸುರಿ, ಬಾಣಂತಿ ಎಲ್ಲರದೂ ಒಂದೇ ಸಾಲು. ಆ ಸಾಲಿನಿಂದ ಸ್ವಲ್ಪ ದೂರ, ಬೇವಿನ ಮರದ ಕಟ್ಟೆಯ ಮೇಲೆ ಇನ್ನೊಂದು ಗುಂಪು ಕೂತಿದೆ. ಈ ಗುಂಪಿನವರು ಗಲಾಟೆ ಮಾಡುವುದಿಲ್ಲ. ‘ನಮ್ಮ ನಂಬರು ಬಂತಾ’ ಎಂದು ಬಾಗಿಲಿಗೆ ನುಗ್ಗುವುದಿಲ್ಲ. ಊರ ಕಡೆಯವರು ಯಾರಾದರೂ ಎದುರಾದರೆ ಸೆರಗು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ‘ಏನು ಬಂದಿದ್ದು?’ ಎಂದರೆ ‘ಬಿಪಿ ಗುಳಿಗಿಗೆ ಬಂದಿದ್ವಿ’ ಎನ್ನುತ್ತಾರೆ.

ಬಿಪಿ ಅಲ್ಲ. ಮಂಗಳವಾರ ಜಿಲ್ಲೆಯಿಂದ ಮನೋವೈದ್ಯರು ಬರುವ ದಿನ. ‘ಮನೋಚೈತನ್ಯ’ ಎಂಬ ಸರಕಾರಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ನಡೆಯುವ ಹೊರರೋಗಿ ಚಿಕಿತ್ಸೆಯ ದಿನ.

ಕಟ್ಟೆಯ ತುದಿಯಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು. ಪಕ್ಕದಲ್ಲಿ ಇಪ್ಪತ್ತಾರರ ಮಗ. ಹೆಸರು ಬೇಡ, ಊರೂ ಬೇಡ. ಮಗ ಐಟಿಐ ಪಾಸು ಮಾಡಿದವನು. ಆರು ವರ್ಷದ ಹಿಂದೆ ಒಂದು ದಿನ ಕೆಲಸದಿಂದ ಬಂದವನು ಬಾಗಿಲು ಹಾಕಿಕೊಂಡ. ಊಟದಲ್ಲಿ ವಿಷ ಹಾಕಿದ್ದಾರೆ ಎಂದ. ಗೋಡೆಯ ಆಚೆ ಯಾರೋ ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂದ. ಸ್ನಾನ ಬಿಟ್ಟ, ಮಾತು ಬಿಟ್ಟ, ರಾತ್ರಿ ನಿದ್ದೆ ಬಿಟ್ಟ. ಮನೆಯವರು ಮೊದಲು ಮಾಟ ಎಂದರು. ತಾಯತ ಕಟ್ಟಿಸಿದರು. ಒಂದು ದೇವರ ಗುಡಿಯಲ್ಲಿ ಐದು ಅಮಾವಾಸ್ಯೆ ಕಳೆದರು. ಅಪ್ಪ ಎರಡು ಎತ್ತು ಮಾರಿದ. ಕಡೆಗೆ ಹಿತ್ತಲಿನ ಮರಕ್ಕೆ ಸರಪಳಿ ಹಾಕಿ ಕಟ್ಟಿದರು. ಕಟ್ಟಿದ್ದು ಇದೇ ತಾಯಿ.

‘ಕಟ್ಟಲಾರದ ಏನ್ ಮಾಡಬೇಕಿತ್ರಿ? ಲಾರಿ ಮುಂದ ಹೋಗಿ ನಿಂದರತಿದ್ದ. ನಾ ಕೂಲಿಗೆ ಹೋಗಬೇಕು, ಇವನ್ನ ಕಾಯಬೇಕು. ಕಾಲಿಗೆ ಹುಣ್ಣಾಗಬಾರದು ಅಂತ ಸರಪಳಿಗೆ ಹಳೇ ಸೀರಿ ಸುತ್ತಿದ್ದೆ.’

ಸರಪಳಿಗೆ ಸೀರೆ ಸುತ್ತಿದ ತಾಯಿಯನ್ನು ಕ್ರೂರಿ ಎನ್ನುವುದು ಸುಲಭ. ಊರಿಗೆ ಆಶಾ ಕಾರ್ಯಕರ್ತೆಯಾಗಿರುವ ಹುಡುಗಿ ಹಾಗೆನ್ನಲಿಲ್ಲ. ‘ದೊಡ್ಡವ್ವ, ಒಂದು ಮಂಗಳವಾರ ನನ್ನ ಜೊತಿ ಬಾ’ ಎಂದಳು. ಬಂದರು. ಅದು ಮೂರು ವರ್ಷದ ಹಿಂದಿನ ಮಾತು. ಈಗ ಹುಡುಗ ಊರಲ್ಲೇ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಅರ್ಧ ದಿನ ಕೆಲಸ ಮಾಡುತ್ತಾನೆ. ತಿಂಗಳಿಗೊಂದು ಸೂಜಿ. ಆ ಸೂಜಿ ಈ ಮಂಗಳವಾರ ಆಸ್ಪತ್ರೆಯಲ್ಲಿ ಇಲ್ಲ!

ಅದರ ಕಥೆಗೆ ಆಮೇಲೆ ಬರೋಣ. ಮೊದಲು ಬಳ್ಳಾರಿಯವರೇ ಮರೆತಿರುವ ಒಂದು ಸಂಗತಿ ಹೇಳಬೇಕು.

ಬಳ್ಳಾರಿ ಮಾದರಿ ಎಂದರೆ ಗಣಿ ಅಲ್ಲ!

ಬಳ್ಳಾರಿ ಎಂದ ಕೂಡಲೆ ಹೊರಗಿನವರಿಗೆ ಅದಿರು ನೆನಪಾಗುತ್ತದೆ, ಬಿಸಿಲು ನೆನಪಾಗುತ್ತದೆ. ಆದರೆ ದೇಶದ ಯಾವ ಮೂಲೆಯ ಮನೋವೈದ್ಯರ ಮುಂದಾದರೂ ‘ಬಳ್ಳಾರಿ ಮಾದರಿ’ ಎಂದು ಹೇಳಿ ನೋಡಿ, ಅವರು ಗಣಿಯ ಮಾತೆತ್ತುವುದಿಲ್ಲ. 1985ರ ಮಾತೆತ್ತುತ್ತಾರೆ.

ಆ ವರ್ಷ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರಾಜ್ಯ ಸರಕಾರದ ಜೊತೆ ಸೇರಿ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿತು. ಆಗ ವಿಜಯನಗರ ಜಿಲ್ಲೆ ಬೇರೆ ಇರಲಿಲ್ಲ, ಅದು ಬೇರೆಯಾದದ್ದು 2021ರಲ್ಲಿ. ಸಿರುಗುಪ್ಪದಿಂದ ಹರಪನಹಳ್ಳಿಯವರೆಗೆ ಎಂಟು ತಾಲೂಕು. ಪ್ರಯೋಗ ಇಷ್ಟೇ: ತಲೆ ಕೆಟ್ಟವರನ್ನು ಬೆಂಗಳೂರಿಗೋ ಧಾರವಾಡಕ್ಕೋ ಸಾಗಿಸುವ ಬದಲು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರೇ ಯಾಕೆ ಚಿಕಿತ್ಸೆ ಕೊಡಬಾರದು? ಅದಕ್ಕಾಗಿ ಆ ಡಾಕ್ಟರುಗಳಿಗೆ ಎರಡು ವಾರ ತರಬೇತಿ. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಒಂದು ವಾರ. ಔಷಧಿಯೂ ಕಂತೆಗಟ್ಟಲೆ ಇರಲಿಲ್ಲ. ಭ್ರಮೆ, ಉದ್ರೇಕ ಇಳಿಸಲು ಕ್ಲೋರ್‌ಪ್ರೊಮಜಿನ್ ಗುಳಿಗೆ, ಗುಳಿಗೆ ನುಂಗದವರಿಗೆ ಫ್ಲೂಫೆನಜಿನ್ ಸೂಜಿ, ಅವುಗಳಿಂದ ಕೈಕಾಲು ಬಿಗಿಯಾದರೆ ಟ್ರೈಹೆಕ್ಸಿಫೆನಿಡಿಲ್, ಮಂಕು ಹಿಡಿದವರಿಗೆ ಅಮಿಟ್ರಿಪ್ಟಿಲಿನ್, ಮೂರ್ಛೆರೋಗಕ್ಕೆ ಇನ್ನೆರಡು. ಒಟ್ಟು ಆರು. ಕಷ್ಟದ ರೋಗಿಗಳನ್ನು ನೋಡಿಕೊಳ್ಳಲು, ಪ್ರತಿ ತಿಂಗಳು ಲೆಕ್ಕ ಕೇಳಲು ಜಿಲ್ಲಾ ಕೇಂದ್ರದಲ್ಲಿ ಒಂದು ತಂಡ.

ನಿಮ್ಹಾನ್ಸ್‌ಗೆ ಇದು ಏಕಾಏಕಿ ಹೊಳೆದದ್ದಲ್ಲ. 1975ರಲ್ಲೇ ಅಲ್ಲಿ ಸಮುದಾಯ ಮನೋವೈದ್ಯ ಘಟಕ ಶುರುವಾಗಿತ್ತು. ಬನ್ನೇರುಘಟ್ಟ ರಸ್ತೆಯ ಸಕಲವಾರದ ಸುತ್ತಿನ ಹಳ್ಳಿಗಳಲ್ಲಿ ವರ್ಷಗಟ್ಟಲೆ ಓಡಾಡಿ ಪಳಗಿದ ಮೇಲೆ ಬಳ್ಳಾರಿಗೆ ಬಂದರು. 1982ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ಕಾಗದದ ಮೇಲೆ ಬರೆದಿತ್ತು. ಅದನ್ನು ನೆಲದ ಮೇಲೆ ಮಾಡಿ ತೋರಿಸಬೇಕಿತ್ತು. ತೋರಿಸಿದ್ದು ನಮ್ಮ ಜಿಲ್ಲೆ. 1990ರವರೆಗೆ ಪ್ರಯೋಗ ನಡೆಯಿತು. 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಬೇರೆ ರಾಜ್ಯಗಳ ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿದಾಗ ಮುಂದಿಟ್ಟುಕೊಂಡ ನಕ್ಷೆ ಬಳ್ಳಾರಿಯದು. ಈಗ ದೇಶದ ನೂರಾರು ಜಿಲ್ಲೆಗಳಲ್ಲಿ ಅದೇ ಕಾರ್ಯಕ್ರಮ ಇದೆ.

ಗೌರವ ದೊಡ್ಡದೇ. ಆದರೆ ಸರಕಾರಿ ಕೆಲಸದ ಹಣೆಬರಹ ಎಲ್ಲರಿಗೂ ಗೊತ್ತು. ತರಬೇತಿ ಪಡೆದ ಡಾಕ್ಟರು ವರ್ಗವಾಗುತ್ತಾರೆ, ಹೊಸಬರಿಗೆ ತರಬೇತಿ ಇರುವುದಿಲ್ಲ. ಪ್ರಯೋಗ ನಡೆಯುವಷ್ಟು ದಿನ ಮೇಲಿನವರು ತಿಂಗಳಿಗೊಮ್ಮೆ ಕೇಳುತ್ತಾರೆ, ಮುಗಿದ ಮೇಲೆ ಯಾರೂ ಕೇಳುವುದಿಲ್ಲ.

ಸರಪಳಿಯಿಂದ ಸಾಲಿಗೆ

ಹುಚ್ಚು ಎಂದರೆ ಹುಚ್ಚಾಸ್ಪತ್ರೆ, ಹುಚ್ಚಾಸ್ಪತ್ರೆ ಎಂದರೆ ಎತ್ತರದ ಗೋಡೆ. ಈ ಕಲ್ಪನೆ ಜನರ ತಲೆಯಿಂದ ಇನ್ನೂ ಹೋಗಿಲ್ಲ. ಆದರೆ ಗೋಡೆಯ ಕಾಲ ಬಹಳ ಹಿಂದೆಯೇ ಸಡಿಲವಾಯಿತು. 1950ರ ದಶಕದ ಆರಂಭದಲ್ಲಿ ಫ್ರಾನ್ಸ್‌ನಲ್ಲಿ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂತು. ಅದಕ್ಕೆ ಮುಂಚೆ ಕೂಡಿಹಾಕುವುದು ಬಿಟ್ಟರೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಅದೇ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬುವರು ಒಂದು ಕೆಲಸ ಮಾಡಿದರು. ರೋಗಿಯ ಜೊತೆ ಮನೆಯವರೂ ಬರಲಿ ಎಂದು ಆಸ್ಪತ್ರೆಯ ಅಂಗಳದಲ್ಲೇ ಡೇರೆ ಹಾಕಿಸಿದರು. ಅಮ್ಮ, ಅಣ್ಣ, ಹೆಂಡತಿ ಕಣ್ಣೆದುರೇ ರೋಗಿ ಸುಧಾರಿಸುವುದನ್ನು ನೋಡಿದರು, ಮದ್ದು ಕೊಡುವುದನ್ನು ಕಲಿತರು, ಮನೆಗೆ ಕರೆದುಕೊಂಡು ಹೋದರು. ಮನೆಯವರೇ ಅರ್ಧ ದಾದಿಯರು ಎಂಬ ಮಾತು ನಮ್ಮ ದೇಶದಲ್ಲಿ ಅಲ್ಲಿಂದ ಗಟ್ಟಿಯಾಯಿತು.

ಹಾಗೆಂದು ಸರಪಳಿ ಹೋಯಿತೇ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತಲಿದ್ದ ಖಾಸಗಿ ಶೆಡ್ಡೊಂದಕ್ಕೆ ಬೆಂಕಿ ಬಿತ್ತು. ಕಾಲಿಗೆ ಸರಪಳಿ ಇದ್ದವರು ಓಡಲಾರದೆ ಬೆಂದರು. ಸತ್ತವರು 28 ಜನ. ಸುಪ್ರೀಂ ಕೋರ್ಟೇ ಮಧ್ಯೆ ಬರಬೇಕಾಯಿತು. ಗುಡಿ, ದರ್ಗಾ, ಗದ್ದುಗೆ ಯಾವುದಕ್ಕೂ ಹೋಗಬೇಡಿ ಎಂದು ಮಂಗಳವಾರದ ಡಾಕ್ಟರೂ ಹೇಳುವುದಿಲ್ಲ. ‘ಹೂವು ಕಾಯಿ ಮಾಡಿಸಿ, ಗುಳಿಗೆ ಮಾತ್ರ ಬಿಡಬೇಡಿ’ ಎನ್ನುತ್ತಾರೆ. ಜಾಣತನದ ಮಾತು.

2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ತೀವ್ರ ಮನೋರೋಗ ಇದ್ದವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯಿಂದ ಹೊರಗಿದ್ದರು. ಬೇವಿನ ಕಟ್ಟೆಯ ಮೇಲೆ ಒಬ್ಬ ಕೂತಿದ್ದಾನೆಂದರೆ ಮನೆಯ ಕತ್ತಲ ಕೋಣೆಯಲ್ಲೋ, ಬಸ್‌ಸ್ಟ್ಯಾಂಡಿನಲ್ಲೋ ಇಬ್ಬರು ಮೂವರು ಉಳಿದಿದ್ದಾರೆ ಎಂದರ್ಥ.

ಒಳಗೆ ಏನು ಕೊಡುತ್ತಾರೆ?

ಬಾಗಿಲಿನೊಳಗೆ ಹೋದ ರೋಗಿಗೆ ಸಿಗುವುದು ಮಂತ್ರವೂ ಅಲ್ಲ, ಬರೀ ನಿದ್ದೆಗುಳಿಗೆಯೂ ಅಲ್ಲ. ‘ನಿದ್ದಿ ಗುಳಿಗಿ ಕೊಟ್ಟು ಕೆಡವತಾರ’ ಎಂಬ ಮಾತು ಹಳ್ಳಿಗಳಲ್ಲಿ ಬಲವಾಗಿರುವುದರಿಂದ ಇದನ್ನು ಬಿಡಿಸಿ ಹೇಳಬೇಕು.

ಇಲ್ಲದ ದನಿ ಕೇಳುವುದು, ಎಲ್ಲರ ಮೇಲೂ ಅನುಮಾನ ಬರುವುದು, ಮೂಲೆ ಸೇರುವುದು, ಇವು ಸ್ಕಿಜೋಫ್ರೇನಿಯಾ ಎಂಬ ಕಾಯಿಲೆಯ ಲಕ್ಷಣಗಳು. ಕನ್ನಡದ ಪುಸ್ತಕಗಳಲ್ಲಿ ಇದಕ್ಕೆ ಇಚ್ಛಿತ್ತ ವಿಕಲತೆ ಎನ್ನುತ್ತಾರೆ, ಕಟ್ಟೆಯ ಮೇಲಿನವರಿಗೆ ಆ ಹೆಸರು ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಸಾಮಾನ್ಯವಾಗಿ ಹದಿನೆಂಟರಿಂದ ಮೂವತ್ತರೊಳಗೆ ಶುರುವಾಗುತ್ತದೆ. ಅಂದರೆ ಮನೆಗೆ ಆಸರೆಯಾಗಬೇಕಾದ ವಯಸ್ಸಿನಲ್ಲಿ! ಇದಕ್ಕೆ ಈಗ ರಿಸ್ಪೆರಿಡೋನ್, ಒಲಾಂಜಪಿನ್, ಹಳೆಯ ಹ್ಯಾಲೊಪೆರಿಡಾಲ್ ಮುಂತಾದ ಗುಳಿಗೆಗಳಿವೆ. ಇವು ಜ್ವರದ ಗುಳಿಗೆಯಂತೆ ಒಂದೇ ದಿನಕ್ಕೆ ಗುಣ ತೋರಿಸುವುದಿಲ್ಲ. ನಿದ್ದೆ, ಸಿಟ್ಟು ಮೊದಲ ವಾರದಲ್ಲೇ ಹದಕ್ಕೆ ಬರಬಹುದು, ದನಿ ನಿಲ್ಲಲು, ಅನುಮಾನ ಕರಗಲು ಕೆಲವು ವಾರ ಬೇಕು. ‘ಎಂಟು ದಿನ ನುಂಗಿಸಿದ್ವಿ, ಏನೂ ಹತ್ತಲಿಲ್ಲ’ ಎಂದು ಬಿಟ್ಟವರೇ ಹೆಚ್ಚು.

ಇನ್ನೊಂದು ಜಾತಿಯವರು ಗುಣವಾಯಿತೆಂದು ಬಿಡುವವರು. ಹುಡುಗ ಮಾತಾಡಿದ, ಉಂಡ, ಹೊಲಕ್ಕೆ ಹೋದ, ಇನ್ನೇಕೆ ಗುಳಿಗೆ? ಇಲ್ಲೇ ಎಡವುವುದು. ಮೊದಲ ಸಲ ಬಂದ ಕಾಯಿಲೆಯಾದರೆ ಚೆನ್ನಾಗಿ ಆದ ಮೇಲೂ ಒಂದೆರಡು ವರ್ಷ, ಮತ್ತೆ ಮತ್ತೆ ಮರುಕಳಿಸಿದ್ದರೆ ಐದು ವರ್ಷ ಅಥವಾ ಇನ್ನೂ ಹೆಚ್ಚು ಔಷಧಿ ಬೇಕೆಂಬುದು ವೈದ್ಯರ ಲೆಕ್ಕ. ಬಿಟ್ಟವರಲ್ಲಿ ಹೆಚ್ಚಿನವರಿಗೆ ಕಾಯಿಲೆ ತಿರುಗಿ ಬರುತ್ತದೆ. ಬಂದಾಗ ಹಿಂದಿಗಿಂತ ಜೋರು.

ಗುಳಿಗೆ ಬಿಡಲು ಮೂರನೆಯ ಕಾರಣವೂ ಇದೆ, ಅದನ್ನು ಸುಳ್ಳೆನ್ನುವಂತಿಲ್ಲ. ಕೈ ನಡುಗುತ್ತದೆ, ನಾಲಗೆ ದಪ್ಪವಾಗುತ್ತದೆ, ಜೊಲ್ಲು ಸುರಿಯುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ. ಕೆಲವು ಹೊಸ ಗುಳಿಗೆಗಳಿಂದ ಮೈ ಬರುತ್ತದೆ, ಸಕ್ಕರೆ ಕಾಯಿಲೆ ತಗಲಬಹುದು. ಇವನ್ನು ಡಾಕ್ಟರಿಗೆ ಹೇಳಿದರೆ ಡೋಸು ಇಳಿಸುತ್ತಾರೆ, ಗುಳಿಗೆ ಬದಲಿಸುತ್ತಾರೆ, ಬಿಗಿತಕ್ಕೆ ಬೇರೆ ಗುಳಿಗೆ ಕೊಡುತ್ತಾರೆ. ಆದರೆ ಎಪ್ಪತ್ತು ಎಂಬತ್ತು ಜನರನ್ನು ಮಧ್ಯಾಹ್ನದೊಳಗೆ ನೋಡಿ ಮುಗಿಸಬೇಕಾದ ಡಾಕ್ಟರಿಗೆ ಹೇಳುವುದು ಯಾವಾಗ? ಹೇಳುವ ಧೈರ್ಯ ಯಾರಿಗೆ? ‘ಏನಾದರೂ ತೊಂದರೆ ಇದೆಯಾ’ ಎಂದು ಕೇಳಿ, ಉತ್ತರ ಬರುವ ಮುಂಚೆ ಚೀಟಿ ಬರೆದು ಕೊಡುವ ಡಾಕ್ಟರುಗಳೂ ಇದ್ದಾರೆ.

ಹೀಗೆ ಗುಳಿಗೆ ಉಗುಳುವವರಿಗೆ, ಮರೆಯುವವರಿಗೆ ಇರುವುದೇ ಆ ಸೂಜಿ. ಫ್ಲೂಫೆನಜಿನ್ ಸೂಜಿ ಎಣ್ಣೆಯಲ್ಲಿ ಕಲಸಿದ್ದು. ಕುಂಡೆಗೆ ಕೊಟ್ಟರೆ ಅಲ್ಲೇ ಕೂತು ಎರಡರಿಂದ ನಾಲ್ಕು ವಾರ ತುಸುತುಸುವೇ ರಕ್ತಕ್ಕೆ ಇಳಿಯುತ್ತದೆ. ದಿನಾ ಬೆಳಿಗ್ಗೆ ಸಂಜೆ ತಾಯಿ ಮಗನ ನಡುವೆ ಗುಳಿಗೆಗಾಗಿ ನಡೆಯುವ ಜಗಳ ನಿಲ್ಲುತ್ತದೆ. ‘ಬಾಯಿ ತೆರಿ, ನಾಲಿಗಿ ಎತ್ತು’ ಎಂದು ಪೊಲೀಸನಂತೆ ನಿಲ್ಲುವ ಕೆಲಸ ತಾಯಿಗೆ ತಪ್ಪುತ್ತದೆ. ದುಬಾರಿ ಸೂಜಿಯೇನಲ್ಲ. ದುಬಾರಿಯಲ್ಲದ್ದೇ ಅದಕ್ಕೆ ಮುಳುವಾಯಿತೋ ಏನೋ, ಅನೇಕ ಖಾಸಗಿ ಔಷಧಿ ಅಂಗಡಿಗಳು ಅದನ್ನು ಇಟ್ಟುಕೊಳ್ಳುವುದೇ ಇಲ್ಲ.

ಎರಡು ಮೂರು ಔಷಧಿಗೂ ಜಗ್ಗದ ಕಾಯಿಲೆಗೆ ಕ್ಲೊಜಪಿನ್ ಇದೆ. ಬೇರೆಲ್ಲ ಸೋತಲ್ಲಿ ಗೆಲ್ಲುವ ಗುಳಿಗೆ. ಆದರೆ ಕೆಲವರಲ್ಲಿ ಬಿಳಿ ರಕ್ತಕಣ ಕುಸಿಯುವ ಅಪಾಯ ಇರುವುದರಿಂದ ಮೊದಲ ನಾಲ್ಕು ತಿಂಗಳು ವಾರವಾರ ರಕ್ತ ಪರೀಕ್ಷೆ ಮಾಡಿಸಬೇಕು. ಕೂಲಿಯವನಿಗೆ ವಾರಕ್ಕೊಂದು ದಿನ ಲ್ಯಾಬಿನ ಮುಂದೆ ನಿಲ್ಲುವುದೆಂದರೇನು, ಲೆಕ್ಕ ಹಾಕಿ.

ಒಮ್ಮೆ ಆಕಾಶಕ್ಕೆ, ಒಮ್ಮೆ ಪಾತಾಳಕ್ಕೆ ಎಂಬಂತೆ ಏರಿಳಿಯುವ ಕಾಯಿಲೆಗೆ ಲಿಥಿಯಂ, ವಾಲ್‌ಪ್ರೋಯೇಟ್ ಇವೆ. ಇಲ್ಲಿ ಬಳ್ಳಾರಿ ಬಿಸಿಲಿನ ಮಾತು ಬರುತ್ತದೆ. ಲಿಥಿಯಂ ಎಂಬುದು ಒಂದು ಲವಣ. ರಕ್ತದಲ್ಲಿ ಅದರ ಮಟ್ಟ ತುಸು ಹೆಚ್ಚಾದರೂ ವಿಷವಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಹೊಲದಲ್ಲಿ ಬೆವರು ಹರಿಸಿ, ನೀರು ಸಾಕಷ್ಟು ಕುಡಿಯದೆ, ಮೇಲೆ ವಾಂತಿ ಭೇದಿಯಾದರೆ ಮಟ್ಟ ಏರುತ್ತದೆ. ಮಂಡಿನೋವಿಗೆಂದು ಅಂಗಡಿಯಲ್ಲಿ ಕೇಳಿ ತಿನ್ನುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಳಿಗೆಗಳೂ ಅದನ್ನು ಏರಿಸುತ್ತವೆ. ಕೈ ಜೋರಾಗಿ ನಡುಗುವುದು, ನಾಲಗೆ ತೊದಲುವುದು, ಕುಡಿದವರಂತೆ ತೂರಾಡುವುದು ಕಂಡರೆ ಮುಂದಿನ ಮಂಗಳವಾರಕ್ಕೆ ಕಾಯಬಾರದು, ಆ ದಿನವೇ ಆಸ್ಪತ್ರೆ ಸೇರಬೇಕು. ಕ್ಲೋರ್‌ಪ್ರೊಮಜಿನ್ ತಿನ್ನುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ತಲೆಗೆ ಟವಲ್ಲು, ಮೈತುಂಬ ಅಂಗಿ ಬೇಕು. ಇಂಥ ಮಾತುಗಳನ್ನು ಯಾವ ಚೀಟಿಯ ಮೇಲೂ ಬರೆದಿರುವುದಿಲ್ಲ. ಮದುವೆ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಲ್‌ಪ್ರೋಯೇಟ್ ಕೊಡುವ ಮುಂಚೆ ವೈದ್ಯರು ಎರಡು ಸಲ ಯೋಚಿಸುತ್ತಾರೆ, ಹೊಟ್ಟೆಯಲ್ಲಿನ ಕೂಸಿಗೆ ಅದು ಕೇಡು.

‘ಕರೆಂಟು ಕೊಡ್ತಾರಂತೆ’ ಎಂಬ ಭಯ ಒಂದಿದೆ. ಸಿನಿಮಾದವರು ಹುಟ್ಟಿಸಿದ್ದು. ಅನ್ನ ನೀರು ಬಿಟ್ಟು ಮರಗಟ್ಟಿ ಕೂತವರಿಗೆ, ಜೀವ ತೆಗೆದುಕೊಳ್ಳಲು ಹೊರಟವರಿಗೆ ಅದು ಈಗಲೂ ಬೇಗ ಫಲ ಕೊಡುವ ಚಿಕಿತ್ಸೆ. ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧಿ ಕೊಟ್ಟೇ ಮಾಡಬೇಕು, ಅವಿಲ್ಲದೆ ಮಾಡುವುದನ್ನು ಕಾನೂನೇ ನಿಷೇಧಿಸಿದೆ. ಇದು ತಾಲೂಕಿನಲ್ಲಿ ಆಗುವಂಥದ್ದಲ್ಲ, ಅರಿವಳಿಕೆ ವೈದ್ಯರಿರುವ ದೊಡ್ಡ ಆಸ್ಪತ್ರೆಯೇ ಬೇಕು. ಕೆಲವರನ್ನು ಬೆಳಿಗ್ಗೆ ಕರೆದು ಸಂಜೆ ಮನೆಗೆ ಕಳಿಸುವುದೂ ಉಂಟು.

ಗುಳಿಗೆಯಿಂದಾಚೆ

ಗುಳಿಗೆ ದನಿಯನ್ನು ನಿಲ್ಲಿಸುತ್ತದೆ, ಕೆಲಸ ಕೊಡಿಸುವುದಿಲ್ಲ. ‘ಹುಚ್ಚ ಬಂದ’ ಎನ್ನುವವರ ಬಾಯಿ ಮುಚ್ಚಿಸುವುದಿಲ್ಲ. ಮನೆಯಲ್ಲಿ ದಿನಾ ಹಂಗಿಸುವ, ಬೈಯುವ ವಾತಾವರಣ ಇದ್ದರೆ ಗುಳಿಗೆ ನುಂಗುತ್ತಿದ್ದರೂ ಕಾಯಿಲೆ ಮರುಕಳಿಸುವುದು ಹೆಚ್ಚು ಎಂಬುದನ್ನು ಸಂಶೋಧಕರು ದೇಶ ವಿದೇಶಗಳಲ್ಲಿ ಕಂಡುಕೊಂಡಿದ್ದಾರೆ. ಆದ್ದರಿಂದಲೇ ಜಿಲ್ಲಾ ತಂಡದಲ್ಲಿ ಮನೋವೈದ್ಯರ ಜೊತೆ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ದಾದಿಯರು ಇರಬೇಕೆಂದು ನಿಯಮ. ಹಗಲು ಹೊತ್ತು ರೋಗಿಗಳು ಬಂದು ಕೂತು, ನಾಲ್ಕು ಜನರ ಜೊತೆ ಬೆರೆತು, ಕೈಕೆಲಸ ಕಲಿತು ಸಂಜೆ ಮನೆಗೆ ಹೋಗುವ ‘ಮಾನಸಧಾರ’ ಕೇಂದ್ರಗಳೂ ರಾಜ್ಯದಲ್ಲಿವೆ. ಹಳ್ಳಿಯ ರೋಗಿಗೆ ಅವು ದೂರ.

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್‌ನವರು 2000ದ ದಶಕದಲ್ಲಿ ಮತ್ತೊಂದು ಕೆಲಸಕ್ಕೆ ಇಳಿದರು. ಇಡೀ ತಾಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿಸಿದರು, ಊರಲ್ಲೇ ಪುಕ್ಕಟೆ ಔಷಧಿ ಕೊಟ್ಟರು, ಬಿಟ್ಟವರನ್ನು ಹುಡುಕಿಕೊಂಡು ಹೋದರು, ವರ್ಷವರ್ಷ ಲೆಕ್ಕ ಇಟ್ಟರು. ಅದುವರೆಗೆ ಚಿಕಿತ್ಸೆಯೇ ಕಾಣದವರೂ ಸಿಕ್ಕರು. ಔಷಧಿ ಸಿಕ್ಕವರ ಕೈಲಾಗದತನ ಕಡಿಮೆಯಾಯಿತು, ಸಿಗದವರದು ಹಾಗೆಯೇ ಉಳಿಯಿತು. ಬಿಡಿಸಿ ಹೇಳಬೇಕೆಂದರೆ, ಎದ್ದು ಹಲ್ಲುಜ್ಜುವುದು, ಮನೆಗೆಲಸಕ್ಕೆ ಕೈ ಹಾಕುವುದು, ನೆಂಟರು ಬಂದರೆ ಮಾತಾಡುವುದು.

ಕಟ್ಟೆಯ ಮೇಲೆ ಇನ್ನೊಬ್ಬಾಕೆ ಇದ್ದಳು. ಮೂವತ್ತರ ಹೆಂಗಸು, ಜೊತೆಗೆ ಅವಳ ಅಣ್ಣ. ‘ಮದುವೆ ಮಾಡಿದರೆ ಸರಿ ಹೋಗತದ’ ಎಂದು ಯಾರೋ ಹೇಳಿದ್ದಕ್ಕೆ, ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರು. ಮದುವೆ ಮನೆಯಲ್ಲಿ ಗುಳಿಗೆ ನುಂಗುವುದು ಹೇಗೆ? ಬಿಟ್ಟಳು. ಮೂರನೇ ತಿಂಗಳಿಗೆ ತವರಿಗೆ ತಂದು ಬಿಟ್ಟರು. ಈಗ ಗುಳಿಗೆಯ ಮೇಲೆ ಚೆನ್ನಾಗಿದ್ದಾಳೆ, ಅಂಗನವಾಡಿ ಮಕ್ಕಳಿಗೆ ರವಿಕೆ, ಅಂಗಿ ಹೊಲಿಯುತ್ತಾಳೆ. ಗಂಡನ ಮನೆಯ ಬಾಗಿಲು ತೆರೆಯಲಿಲ್ಲ. ಇದೇ ಕಾಯಿಲೆಯ ಗಂಡಸಿಗೆ ಹೆಂಡತಿ ಗುಳಿಗೆ ತಿನ್ನಿಸುತ್ತ ಕಟ್ಟೆಯ ಮೇಲೆ ಕೂತಿದ್ದಾಳೆ. ಅಂಥ ಹೆಂಡತಿಯರು ಆ ದಿನ ನಾಲ್ಕು ಮಂದಿ ಇದ್ದರು. ಹೆಂಡತಿಯನ್ನು ಕರೆತಂದ ಗಂಡ ಒಬ್ಬನೇ.

ಕಾನೂನು ಏನೆನ್ನುತ್ತದೆ?

2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಸರಪಳಿ ಹಾಕುವುದು ನಿಷಿದ್ಧ. ಬೀದಿಯಲ್ಲಿ ಅಲೆಯುವ ಮನೋರೋಗಿಯನ್ನು ಪೊಲೀಸರು 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಗೆ ತಲುಪಿಸಬೇಕು, ಲಾಕಪ್ಪಿಗೆ ಹಾಕಕೂಡದು. ಮನೆಯವರು ಕೈಬಿಟ್ಟರೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಕೊಳೆಹಾಕಕೂಡದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮನೋರೋಗವೂ ಒಂದು ವಿಕಲತೆ. ಶೇಕಡಾ 40 ಅಥವಾ ಹೆಚ್ಚಿದ್ದರೆ ಕಾರ್ಡು ಸಿಗುತ್ತದೆ, ಕಾರ್ಡಿದ್ದರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಕೈಕಾಲು ನೆಟ್ಟಗಿರುವವನಿಗೆ ಅಂಗವಿಕಲ ಕಾರ್ಡು ಕೇಳಲು ಹೋದರೆ ಕಚೇರಿಯಲ್ಲಿ ನಗುತ್ತಾರೆ ಎಂಬುದು ಬೇರೆ ಮಾತು.

ಈ ಕಾಯಿದೆಯಲ್ಲಿ ಮಂಗಳವಾರದವರಿಗೆ ಎಲ್ಲಕ್ಕಿಂತ ಮುಖ್ಯವಾದ ಸಾಲು ಒಂದಿದೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮನೋರೋಗದ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲದಲ್ಲೂ ಪುಕ್ಕಟೆಯಾಗಿ ಸಿಗಬೇಕು. ‘ಎಲ್ಲ ಕಾಲದಲ್ಲೂ’ ಎಂಬುದು ಕಾಯಿದೆಯ ಮಾತೇ, ಪತ್ರಿಕೆಯವರದಲ್ಲ.

ಬೀರು ಖಾಲಿ

ಹನ್ನೊಂದೂವರೆಗೆ ತಾಯಿ ಮಗನ ಸರದಿ ಬಂತು. ಡಾಕ್ಟರು ಮಗನನ್ನು ಮಾತಾಡಿಸಿದರು. ‘ಕೆಲಸ ಹೆಂಗಿದೆ?’ ‘ಚಲೋ ಐತ್ರಿ ಸಾರ್.’ ‘ದನಿ?’ ‘ಇಲ್ರಿ.’ ‘ನಿದ್ದೆ?’ ‘ಬರತದ್ರಿ.’ ಮೂರು ಪ್ರಶ್ನೆ, ಮೂರು ಉತ್ತರ. ಚೀಟಿಯಲ್ಲಿ ಸೂಜಿ ಬರೆದರು. ಔಷಧಿ ಕೊಡುವ ಕಿಟಕಿಯಲ್ಲಿ ಕೂತವರು ಚೀಟಿ ನೋಡಿ ತಲೆಯಾಡಿಸಿದರು.

‘ಇಂಡೆಂಟ್ ಹಾಕೀವಮ್ಮಾ, ಬಂದಿಲ್ಲ. ಹೊರಗ ತಗಂಡು ಬಾ, ಸಿಸ್ಟರ್ ಹಾಕ್ತಾರ.’

ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಇಲ್ಲ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಆ ಹೆಸರೇ ಗೊತ್ತಿಲ್ಲ. ಮೂರನೆಯವನು, ‘ಬಳ್ಳಾರಿಯಿಂದ ತರಿಸಿಕೊಡ್ತೀನಿ, ಎರಡು ದಿನ ಬೇಕು, ಒಂದಕ್ಕೆ ತರಿಸಲ್ಲ, ಐದು ತಗೋಬೇಕು’ ಎಂದ. ಐದರ ದುಡ್ಡು ತಾಯಿಯ ಹತ್ತಿರ ಇರಲಿಲ್ಲ. ತಿರುಗಿ ಡಾಕ್ಟರ ಹತ್ತಿರ ಬಂದಳು. ಅವರು ಎಂಟು ದಿನದ ಗುಳಿಗೆ ಬರೆದರು. ಹಳೆಯ ಸೂಜಿಯ ಅಂಶ ಮೈಯಲ್ಲಿ ಇನ್ನೂ ಸ್ವಲ್ಪ ಇರುತ್ತದೆ, ಕೂಡಲೇ ಏನೂ ಆಗುವುದಿಲ್ಲ, ಗುಳಿಗೆ ಮಾತ್ರ ತಪ್ಪಿಸಬೇಡಿ ಎಂದರು. ಹೇಳಿದ್ದು ಸರಿಯೇ. ಆದರೆ ಗುಳಿಗೆ ಉಗುಳುತ್ತಾನೆಂದೇ ಅಲ್ಲವೇ ಸೂಜಿಗೆ ಹಾಕಿದ್ದು?

‘ಸಾಹೇಬ್ರ, ಹೋದ ಸಲ ಹಿಂಗ ಎರಡು ತಿಂಗಳು ತಪ್ಪಿತ್ರಿ’ ಎಂದಳು ತಾಯಿ. ‘ಮತ್ತ ಗೋಡಿ ಜೊತಿ ಮಾತಾಡಾಕ ಹತ್ತಿದ್ದ.’

ಡಾಕ್ಟರು ಉತ್ತರ ಕೊಡಲಿಲ್ಲ. ಔಷಧಿ ತರಿಸುವುದು ಅವರ ಕೈಯಲ್ಲಿಲ್ಲ. ಒಂದೊಂದು ಮಂಗಳವಾರ ಒಂದೊಂದು ತಾಲೂಕು ಸುತ್ತುವ ಮನುಷ್ಯ ಅವರು. ಕಿಟಕಿಯವರದೂ ತಪ್ಪೆನ್ನುವಂತಿಲ್ಲ, ಬೇಡಿಕೆ ಪಟ್ಟಿ ಮೇಲೆ ಹೋಗಿದೆ. ಮೇಲೆ ಎಂದರೆ ಎಲ್ಲಿ? ಅದನ್ನು ಕೇಳಿದರೆ ಇನ್ನೂ ಮೇಲೆ ಎನ್ನುತ್ತಾರೆ. 1985ರಲ್ಲಿ ಆರು ಔಷಧಿಗಳಲ್ಲಿ ಒಂದಾಗಿ ಇದೇ ಜಿಲ್ಲೆಯ ಆರೋಗ್ಯ ಕೇಂದ್ರಗಳಿಗೆ ಮುಟ್ಟಿದ ಸೂಜಿ ಅದು. ನಲವತ್ತು ವರ್ಷದ ಮೇಲೆ ತಾಲೂಕು ಆಸ್ಪತ್ರೆಯ ಬೀರುವಿನಲ್ಲಿ ಇಲ್ಲ.

ಕಾಯಿದೆಯಲ್ಲಿ ಇದಕ್ಕೂ ಒಂದು ಸಾಲಿದೆ. ಸರಕಾರ ಕೊಡಬೇಕಾದ ಕನಿಷ್ಠ ಸೇವೆ ಸಿಗದಿದ್ದರೆ, ರೋಗಿ ಜಿಲ್ಲೆಯ ಬೇರೆ ಕಡೆ ಪಡೆದ ಸೇವೆಯ ಖರ್ಚನ್ನು ಸರಕಾರವೇ ಭರಿಸಬೇಕು. ಅರ್ಜಿ ಯಾರಿಗೆ, ಯಾವ ನಮೂನೆಯಲ್ಲಿ ಎಂದು ಆ ದಿನ ಆಸ್ಪತ್ರೆಯಲ್ಲಿ ಹೇಳಬಲ್ಲವರು ಯಾರೂ ಸಿಗಲಿಲ್ಲ.

ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ ಎಂದರು ದಾದಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನಲ್ಲಿ ತಾಯಿಗೆ ಟಿಕೆಟ್ ಇಲ್ಲ. ಮಗನಿಗೆ ಇದೆ. ಮಗನ ಅರ್ಧ ದಿನದ ಕೆಲಸ ಈ ದಿನ ಹೋಯಿತು, ನಾಳೆಯದೂ ಹೋದರೆ ಅಂಗಡಿಯವನು ಏನನ್ನುತ್ತಾನೋ. ತಾಯಿಯ ಕೂಲಿಯೂ ಹೋಯಿತು. ಅವಳು ಬೆರಳು ಮಡಿಚಿ ಲೆಕ್ಕ ಹಾಕಿದಳು. ಮಗ ನೀರಿನ ಬಾಟಲಿ ತುಂಬಿಸಿಕೊಂಡು ಬಂದ.

ದಾದಿ ಒಂದು ಚೀಟಿಯ ಮೇಲೆ 14416 ಎಂದು ಬರೆದು ಕೊಟ್ಟರು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ನಂಬರು, ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೀಳುವುದಿಲ್ಲ. ‘ರಾತ್ರಿ ಏನರ ಹೆಚ್ಚುಕಮ್ಮಿ ಆದ್ರ ಇದಕ್ಕ ಫೋನ್ ಹಚ್ಚು ಯಮ್ಮಾ’ ಎಂದರು. ತಾಯಿ ಆ ಚೀಟಿಯನ್ನು ಮಡಿಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು. ‘ಅದರಾಗ ಸೂಜಿ ಕೊಡತಾರೇನ್ರಿ ಸಿಸ್ಟರ್?’

ಆಶಾ ಹುಡುಗಿ ಈ ಹೊತ್ತಿಗೆ ಬಂದಳು. ಬೇರೆ ಊರಿನ ಬಾಣಂತಿಯನ್ನು ಆಸ್ಪತ್ರೆಗೆ ಸೇರಿಸಿ, ಬೆವರು ಒರೆಸಿಕೊಳ್ಳುತ್ತ. ವಿಷಯ ಕೇಳಿ, ಕಿಟಕಿಗೆ ಹೋಗಿ ಜೋರು ಮಾಡಿದಳು. ಇಂಡೆಂಟ್ ಪುಸ್ತಕ ತೋರಿಸಿ ಎಂದಳು. ತೋರಿಸಿದರು. ತಾರೀಖು ಬರೆದುಕೊಂಡಳು. ‘ದೊಡ್ಡವ್ವ, ಗುರುವಾರ ನಾ ಬಳ್ಳಾರಿಗೆ ಮೀಟಿಂಗಿಗೆ ಹೊಂಟೀನಿ. ಚೀಟಿ ಕೊಡು. ಸಿಕ್ಕರ ಐಸು ಡಬ್ಬಿ ಬೇಕಾಗಿಲ್ಲ ಇದಕ್ಕ, ಚೀಲದಾಗ ಹಾಕ್ಕಂಡು ಬರ್ತೀನಿ. ನಮ್ಮ ಪಿಎಚ್‌ಸಿ ಸಿಸ್ಟರ್ ಹಾಕ್ತಾಳ. ಅಲ್ಲೀತನ ಗುಳಿಗಿ ನುಂಗಿಸು, ನೀರು ಕುಡಿದ ಮ್ಯಾಲೆ ಬಾಯಿ ನೋಡು.’

‘ನಾ ನುಂಗತೀನಿ ಬಿಡಕ್ಕಾ’ ಎಂದ ಹುಡುಗ. ಮೊದಲ ಸಲ ಬಾಯಿ ಬಿಟ್ಟು ಅಷ್ಟು ಮಾತಾಡಿದ್ದ. ‘ಗುರುವಾರ ತರ್ತೀಯಲ್ಲ?’

ಅಷ್ಟರಲ್ಲಿ ಊರ ಬಸ್ಸು ಬಂತು. ತಾಯಿಯ ಕೈಯಲ್ಲಿದ್ದ ರೋಗಿ ಪುಸ್ತಕದಲ್ಲಿ, ಪ್ರತಿ ತಿಂಗಳೂ ಸೂಜಿಯ ತಾರೀಖು ಬರೆದು ಸಹಿ ಹಾಕುವ ಜಾಗದಲ್ಲಿ, ಈ ತಿಂಗಳ ಸಾಲು ಖಾಲಿ ಇತ್ತು.